2004ರ ರೆಡ್ ಸಾಕ್ಸ್: ಒಂದು ಬೇಸ್ ಕದ್ದಿದ್ದಕ್ಕೆ ಇಷ್ಟು ಕಣ್ಣೀರು ಯಾಕೆ?

ಮಲೆನಾಡ_ಮಳೆ:
ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ಕಡೆಯವನು. ಬಾಸ್ಟನ್‌ಗೆ ಬಂದು ಎಂಟು ತಿಂಗಳಾಯ್ತು. ಕ್ರಿಕೆಟ್ ಬಿಟ್ಟರೆ ಬೇರೆ ಆಟ ನೋಡಿ ಬೆಳೆದವನಲ್ಲ.

ಹೋದ ವಾರ ಊಟದ ಹೊತ್ತಿನಲ್ಲಿ ನಮ್ಮ ಆಫೀಸಿನ ಹಿರಿಯರೊಬ್ಬರು ಫೋನಿನಲ್ಲಿ ಹಳೇ ವಿಡಿಯೋ ತೋರಿಸಿದರು. 2004ರ ಅಕ್ಟೋಬರ್ 17, ಇಲ್ಲಿನ ಫೆನ್ವೇ ಪಾರ್ಕ್, ಬಾಸ್ಟನ್‌ನ ರೆಡ್ ಸಾಕ್ಸ್ ಮತ್ತು ನ್ಯೂಯಾರ್ಕ್‌ನ ಯಾಂಕೀಸ್ ನಡುವಿನ ಬೇಸ್‌ಬಾಲ್ ಆಟ. ಡೇವ್ ರಾಬರ್ಟ್ಸ್ ಅನ್ನೋ ಆಟಗಾರ ಮೊದಲನೇ ಬೇಸಿನಿಂದ ಎರಡನೆಯದಕ್ಕೆ ಓಡುತ್ತಾನೆ, ಜಾರಿ ಬೇಸ್ ಮುಟ್ಟುತ್ತಾನೆ. ಅಷ್ಟೇ. ಒಂದು ರನ್ನೂ ಬರಲಿಲ್ಲ. ತಲೆ ಎತ್ತಿ ನೋಡಿದರೆ ಅವರ ಕಣ್ಣಲ್ಲಿ ನೀರು. "ನಮ್ಮಪ್ಪ ಇದನ್ನು ನೋಡೋಕೆ ಇರಲಿಲ್ಲ" ಅಂದರು. ಆಮೇಲೆ ಮಾತೇ ಆಡಲಿಲ್ಲ.

ಆ ವರ್ಷ 86 ವರ್ಷದ ನಂತರ ಚಾಂಪಿಯನ್ ಆದರು ಅಂತ ನನಗೂ ಗೊತ್ತು. ಆದರೆ ಗೆದ್ದ ಕೊನೇ ಗಳಿಗೆ ಬಿಟ್ಟು ಈ ಓಟವನ್ನೇ ಯಾಕೆ ತೋರಿಸಿದರು? ಗೊತ್ತಿರೋರು ಬಿಡಿಸಿ ಹೇಳಿ. ಕ್ರಿಕೆಟ್ ಭಾಷೆಯಲ್ಲಿ ಹೇಳಿದರೆ ಇನ್ನೂ ಒಳ್ಳೇದು.

ಸ್ಕೋರ್‌ಬುಕ್:
ಅಣ್ಣ, ಸರಿಯಾದ ವಿಡಿಯೋನೇ ತೋರಿಸಿದ್ದಾರೆ.

ಅವತ್ತಿನ ಲೆಕ್ಕ ಹೀಗಿತ್ತು. ಅಮೆರಿಕನ್ ಲೀಗ್ ಫೈನಲ್, 7 ಆಟದ ಸರಣಿ. ನಾಲ್ಕು ಗೆದ್ದವರು ಚಾಂಪಿಯನ್ ಯಾರು ಅಂತ ತೀರ್ಮಾನಿಸೋ ವರ್ಲ್ಡ್ ಸೀರೀಸ್‌ಗೆ ಹೋಗುತ್ತಾರೆ. ಯಾಂಕೀಸ್ ಮೊದಲ ಮೂರೂ ಗೆದ್ದಿದ್ದರು. ಮೂರನೆಯದು 19-8. ಮನೆ ಅಂಗಳಕ್ಕೇ ಬಂದು ಹೊಡೆದು ಹೋಗಿದ್ದರು. ಬೇಸ್‌ಬಾಲ್‌ನಲ್ಲಿ ಅಲ್ಲಿಯವರೆಗೆ ಯಾವ ತಂಡವೂ 0-3 ಇಂದ ಎದ್ದು ಬಂದು 7 ಆಟದ ಸರಣಿ ಗೆದ್ದಿರಲಿಲ್ಲ.

ನಾಲ್ಕನೇ ಆಟ. ಒಂಬತ್ತನೇ, ಅಂದರೆ ಕೊನೇ ಇನ್ನಿಂಗ್ಸ್. ಯಾಂಕೀಸ್ 4, ರೆಡ್ ಸಾಕ್ಸ್ 3. ಚೆಂಡು ಮರಿಯಾನೊ ರಿವೆರಾ ಕೈಯಲ್ಲಿ. ಕೊನೆಯಲ್ಲಿ ಬಂದು ಬಾಗಿಲು ಮುಚ್ಚೋದರಲ್ಲಿ ಯಾಂಕೀಸ್‌ನ ಅವನಂಥ ಪಿಚರ್ (ನಮ್ಮ ಬೌಲರ್ ಹಾಗೆ) ಹಿಂದೆ ಇರಲಿಲ್ಲ, ಮುಂದೆಯೂ ಬಂದಿಲ್ಲ. ಕೆವಿನ್ ಮಿಲ್ಲರ್ ನಾಲ್ಕು ಕೆಟ್ಟ ಎಸೆತ ಬಿಟ್ಟು ಪುಕ್ಕಟೆಯಾಗಿ ಮೊದಲನೇ ಬೇಸಿಗೆ ಹೋದ. ಅವನ ಬದಲು ಓಡೋಕೆ ರಾಬರ್ಟ್ಸ್ ಬಂದ. ಅವನು ಬೇಸ್ ಕದಿಯೋಕೇ, ಅಂದರೆ ಬ್ಯಾಟರ್ ಹೊಡೆಯೋದಕ್ಕೆ ಕಾಯದೆ ಮುಂದಿನ ಬೇಸಿಗೆ ಓಡೋಕೇ, ಬಂದಿದ್ದಾನೆ ಅಂತ ಮೈದಾನದಲ್ಲಿ ಇದ್ದ ಪ್ರತಿಯೊಬ್ಬರಿಗೂ ಗೊತ್ತು. ರಿವೆರಾ ಮೂರು ಸಲ ಮೊದಲನೇ ಬೇಸಿಗೇ ಚೆಂಡು ಎಸೆದು ಅವನನ್ನು ಹಿಂದಕ್ಕೆ ಓಡಿಸಿದ. ಆಮೇಲೆ ಬ್ಯಾಟರ್ ಕಡೆ ಎಸೆದ ಮೊದಲನೇ ಚೆಂಡಿಗೇ ಅವನು ಓಡಿದ. 90 ಅಡಿ. ಕ್ಯಾಚರ್ (ನಮ್ಮ ಕೀಪರ್ ಹಾಗೆ) ಪೊಸಾಡಾ ಎಸೆದ, ಡೆರೆಕ್ ಜೀಟರ್ ಹಿಡಿದು ರಾಬರ್ಟ್ಸ್ ಮೈಗೆ ತಾಗಿಸಿದ. ಒಂದು ಗೇಣು ತಡವಾಗಿತ್ತು.

ಬಿಲ್ ಮ್ಯೂಲರ್ ಹೊಡೆದ ಚೆಂಡು ಪಿಚರ್ ಪಕ್ಕದಲ್ಲೇ ನೇರ ಹೋಯಿತು. ರಾಬರ್ಟ್ಸ್ ಮನೆ, ಅಂದರೆ ಸುತ್ತು ಮುಗಿದು ರನ್ ಆಗೋ ಹೋಮ್ ಬೇಸ್, ಸೇರಿದ. 4-4. ಅವನು ಮೊದಲನೇ ಬೇಸಿನಲ್ಲೇ ನಿಂತಿದ್ದಿದ್ದರೆ ಆ ಹೊಡೆತಕ್ಕೆ ರನ್ ಬರುತ್ತಿರಲಿಲ್ಲ. ಸಮ ಆದ್ದರಿಂದ ಆಟ ಮುಂದುವರಿದು, 12ನೇ ಇನ್ನಿಂಗ್ಸ್‌ನಲ್ಲಿ ಡೇವಿಡ್ ಆರ್ಟಿಜ್ ಹೋಮ್ ರನ್ (ನಮ್ಮ ಸಿಕ್ಸರ್ ಹಾಗೆ), 6-4. ಮುಗಿದಾಗ ರಾತ್ರಿ 1:22.

ರೆಡ್ ಸಾಕ್ಸ್ ಆಮೇಲೆ ಒಂದು ಆಟವನ್ನೂ ಸೋಲಲಿಲ್ಲ. ಇದೂ ಸೇರಿ ಎಂಟಕ್ಕೆ ಎಂಟು.

ನ್ಯೂಜೆರ್ಸಿ_ನಾಗ:
ನಾನು ಯಾಂಕೀಸ್ ಕಡೆಯವನು. ಇಪ್ಪತ್ತು ವರ್ಷದಿಂದ ಈ ಓಟದ ವಿಡಿಯೋ ನೋಡಿ ಸಾಕಾಗಿದೆ.

ಎರಡು ಮಾತು ಹೇಳ್ತೀನಿ. ಒಂದು, ಇದು ಬಡವರ ತಂಡ ದೊಡ್ಡವರನ್ನು ಸೋಲಿಸಿದ ಕಥೆ ಅಲ್ಲ. ಆ ವರ್ಷ ಆಟಗಾರರ ಸಂಬಳದಲ್ಲಿ ಯಾಂಕೀಸ್ ಮೊದಲು, ರೆಡ್ ಸಾಕ್ಸ್ ಎರಡನೆಯದು. ಎರಡು, ನಮ್ಮವರು ಕೈಯಾರೆ ಬಿಟ್ಟುಕೊಟ್ಟರು. ಆರನೇ ಆಟದಲ್ಲಿ ಅವರ ಪಿಚರ್ ಕರ್ಟ್ ಶಿಲ್ಲಿಂಗ್ ಕಾಲು ಸರಿ ಇಲ್ಲ ಅಂತ ಜಗತ್ತಿಗೇ ಗೊತ್ತಿತ್ತು. ಒಬ್ಬರಾದರೂ ಮೆಲ್ಲಗೆ ತಟ್ಟಿ ಅವನನ್ನು ಓಡಾಡಿಸಬೇಕಿತ್ತು ಅಲ್ವಾ? ಯಾರೂ ಮಾಡಲಿಲ್ಲ.

ರಿವೆರಾನ ಸಂಕಟ ಯಾರೂ ಹೇಳಲ್ಲ. ಸರಣಿ ಶುರುವಾಗೋ ಹೊತ್ತಿಗೆ ಪನಾಮಾದಲ್ಲಿ ಅವನ ಹೆಂಡತಿಯ ಕಡೆಯ ಇಬ್ಬರು ಕರೆಂಟ್ ಹೊಡೆದು ತೀರಿಕೊಂಡಿದ್ದರು. ಮಣ್ಣು ಮಾಡಿ ವಿಮಾನ ಹತ್ತಿ ನೇರ ಮೊದಲನೇ ಆಟಕ್ಕೆ ಬಂದು ಎಸೆದ ಮನುಷ್ಯ ಅವನು.

ಸ್ಕೋರ್‌ಬುಕ್:
@ನ್ಯೂಜೆರ್ಸಿ_ನಾಗ ಸಂಬಳದ ಮಾತು ನಿಜ, ಒಪ್ಪಿದೆ. ರಿವೆರಾ ಬಗ್ಗೆಯೂ ಅಷ್ಟೇ. ಮುಂದಿನ ವರ್ಷ ಏಪ್ರಿಲ್‌ನಲ್ಲಿ ಫೆನ್ವೇನಲ್ಲಿ ಗೆದ್ದವರಿಗೆ ಉಂಗುರ ಕೊಟ್ಟ ದಿನ ಎದುರಾಳಿ ಯಾಂಕೀಸೇ. ರಿವೆರಾ ಹೆಸರು ಕೂಗಿದಾಗ ಬಾಸ್ಟನ್ ಜನ ಎದ್ದು ಚಪ್ಪಾಳೆ ಹೊಡೆದು ಕಾಡಿಸಿದರು. ಅವನು ಮುಖ ಗಂಟು ಹಾಕಲಿಲ್ಲ, ನಗುತ್ತಾ ನಿಂತ. 2019ರಲ್ಲಿ ಹಾಲ್ ಆಫ್ ಫೇಮ್‌ಗೆ ಒಂದು ಮತವೂ ಕಮ್ಮಿಯಾಗದೆ ಹೋದ ಮೊದಲಿಗ ಅವನೇ.

ಕಿರ್ಮಾನಿ_ಕೈಗವಸು:
ಎಲ್ಲರೂ ರಾಬರ್ಟ್ಸ್, ಆರ್ಟಿಜ್, ಶಿಲ್ಲಿಂಗ್ ಅಂತಾರೆ. ನನ್ನ ಮಟ್ಟಿಗೆ 2004 ಅಂದರೆ ರೆಡ್ ಸಾಕ್ಸ್ ಪಿಚರ್ ಟಿಮ್ ವೇಕ್‌ಫೀಲ್ಡ್.

ಅವನದು ನಕಲ್‌ಬಾಲ್. ಬೆರಳ ತುದಿಯಲ್ಲಿ ಹಿಡಿದು ತಿರುಗದ ಹಾಗೆ ಎಸೆಯೋದು. ಚೆಂಡು ಗಾಳಿಯಲ್ಲಿ ಎಲೆ ತೇಲಿದ ಹಾಗೆ ಓಲಾಡುತ್ತಾ ಬರುತ್ತೆ. ಎಲ್ಲಿಗೆ ಹೋಗುತ್ತೆ ಅಂತ ಎಸೆದವನಿಗೂ ಗೊತ್ತಿರಲ್ಲ, ಹಿಡಿಯೋನಿಗೂ ಗೊತ್ತಿರಲ್ಲ. ನಮ್ಮ ಚಂದ್ರಶೇಖರ್ ಬೌಲಿಂಗ್ ನೆನಪಿಸಿಕೊಳ್ಳಿ. ವೇಗ ಬೇರೆ, ಕೈಚಳಕ ಬೇರೆ, ಆದರೆ ಕೀಪರ್ ಪಾಡು ಒಂದೇ.

2003ರಲ್ಲಿ ಇದೇ ಯಾಂಕೀಸ್ ಎದುರು, ಇದೇ ಹಂತದಲ್ಲಿ, ಏಳನೇ ಆಟದ 11ನೇ ಇನ್ನಿಂಗ್ಸ್‌ನಲ್ಲಿ ಏರನ್ ಬೂನ್ ಹೋಮ್ ರನ್ ಹೊಡೆದು ರೆಡ್ ಸಾಕ್ಸ್ ಕಥೆ ಮುಗಿಸಿದ. ಎಸೆದವನು ವೇಕ್‌ಫೀಲ್ಡ್. ಇನ್ನೊಬ್ಬನಾಗಿದ್ದರೆ ಆ ಊರಲ್ಲಿ ತಲೆ ಎತ್ತಿ ತಿರುಗೋದೇ ಕಷ್ಟ ಆಗುತ್ತಿತ್ತು.

2004ರಲ್ಲಿ ನಾಲ್ಕನೇ ಆಟ ಶುರು ಮಾಡೋ ಸರದಿ ಅವನದು. ಮೂರನೆಯದರಲ್ಲಿ ತಂಡ ಮುಳುಗುತ್ತಿತ್ತು. ಉಳಿದ ಪಿಚರ್‌ಗಳ ತೋಳು ಉಳಿಯಲಿ ಅಂತ ತನ್ನ ಸರದಿ ಬಿಟ್ಟುಕೊಟ್ಟು ಆ 19-8 ಆಟದಲ್ಲೇ ಎಸೆದ. ಸೋತು ಹೋದ ಆಟದಲ್ಲಿ! ಆ ತ್ಯಾಗ ಇಲ್ಲದಿದ್ದರೆ ಮಾರನೇ ದಿನ 12 ಇನ್ನಿಂಗ್ಸ್ ಎಳೆಯೋಕೆ ಯಾರಿದ್ದರು?

ಐದನೇ ಆಟದಲ್ಲಿ ಮತ್ತೆ ಬಂದ. 12, 13, 14ನೇ ಇನ್ನಿಂಗ್ಸ್. ಅವನ ಚೆಂಡು ಹಿಡಿದು ರೂಢಿ ಇದ್ದ ಕ್ಯಾಚರ್ ಬೇರೆ, ಅವತ್ತು ಹಿಂದೆ ಕೂತಿದ್ದು ಜೇಸನ್ ವಾರಿಟೆಕ್. 13ನೇ ಇನ್ನಿಂಗ್ಸ್ ಒಂದರಲ್ಲೇ ಮೂರು ಸಲ ಚೆಂಡು ಕೈತಪ್ಪಿತು. ಆದರೂ ಒಂದು ರನ್ ಬಿಡಲಿಲ್ಲ. 14ರಲ್ಲಿ ಆರ್ಟಿಜ್ ಹೊಡೆದ, 5-4. ಗೆದ್ದ ಪಿಚರ್ ಹೆಸರು ಟಿಮ್ ವೇಕ್‌ಫೀಲ್ಡ್.

2023ರ ಅಕ್ಟೋಬರ್ 1ಕ್ಕೆ ಕ್ಯಾನ್ಸರ್‌ನಿಂದ ಹೋಗಿಬಿಟ್ಟ. 57 ವರ್ಷ. ಅವತ್ತು ನಾನು ಐದನೇ ಆಟ ಪೂರ್ತಿ ಮತ್ತೆ ನೋಡಿದೆ.

ಮಲೆನಾಡ_ಮಳೆ:
ಇದು ನನಗೆ ಗೊತ್ತೇ ಇರಲಿಲ್ಲ. ಚಂದ್ರ ಹೋಲಿಕೆಗೆ ಧನ್ಯವಾದ, ತಟ್ಟನೆ ಅರ್ಥವಾಯ್ತು.

ಹುಬ್ಳಿ_ಹುಡುಗ:
ಐದನೇ ಆಟದ ಎಂಟನೇ ಇನ್ನಿಂಗ್ಸ್‌ನಲ್ಲೂ ರಾಬರ್ಟ್ಸ್ ಓಡೋಕೆ ಬಂದಿದ್ದ. ಸಮ ಮಾಡಿದ ರನ್ನೂ ಅವನದೇ. ಆ ಅಕ್ಟೋಬರ್‌ನಲ್ಲಿ ಒಂದು ಸಲವೂ ಬ್ಯಾಟ್ ಮಾಡಲಿಲ್ಲ. ಬರೀ ಓಡಿದ. ಈಗ ಡಾಡ್ಜರ್ಸ್ ಮ್ಯಾನೇಜರ್. 2024ರ ವರ್ಲ್ಡ್ ಸೀರೀಸ್‌ನಲ್ಲಿ ಯಾಂಕೀಸನ್ನೇ ಸೋಲಿಸಿದ.

ನ್ಯೂಜೆರ್ಸಿ_ನಾಗ:
ಅದನ್ನು ನೆನಪಿಸಬೇಕಿರಲಿಲ್ಲ ಮಾರಾಯ.

ಬಾಣಂತಿ_ನೆನಪು:
ಆ ಹತ್ತು ದಿನ ನಾನು ಮರೆಯೋ ಹಾಗೇ ಇಲ್ಲ. ನನ್ನ ಮಗಳಿಗೆ ಆಗ ಎರಡು ತಿಂಗಳು. ಅಮ್ಮ ಬಾಣಂತನಕ್ಕೆ ಅಂತ ಚನ್ನರಾಯಪಟ್ಟಣದಿಂದ ಬಂದಿದ್ದರು. ಬಾಸ್ಟನ್ ಪಕ್ಕದಲ್ಲಿ ಚಿಕ್ಕ ಮನೆ. ನವರಾತ್ರಿ ದಿನಗಳು, ಅಮ್ಮ ಎರಡೇ ಎರಡು ಪಟ್ಟದ ಗೊಂಬೆ ಇಟ್ಟು ದಿನಾ ಆರತಿ ಮಾಡುತ್ತಿದ್ದರು.

ಕೂಸು ರಾತ್ರಿ ಎಲ್ಲಾ ಎದ್ದಿರುತ್ತಿತ್ತು. ಹಾಲು ಕುಡಿಸುತ್ತಾ ಟಿವಿ ಶಬ್ದ ತೆಗೆದು ನೋಡುತ್ತಿದ್ದೆ. ನನಗೆ ಆಟ ಅರ್ಥವಾಗುತ್ತಿರಲಿಲ್ಲ. ಆದರೆ ಜನರ ಮುಖ ಅರ್ಥವಾಗುತ್ತಿತ್ತು. ಕೈ ಜೋಡಿಸಿಕೊಂಡು ಕೂತ ಮುದುಕರು, ಟೋಪಿ ಕಚ್ಚಿಕೊಂಡ ಮಕ್ಕಳು. ಅಮ್ಮ ಎದ್ದು ಬಂದು "ಇವರು ಯಾರಿಗೆ ಹರಕೆ ಹೊತ್ತಿದ್ದಾರೆ?" ಅಂತ ಕೇಳಿದರು. ನಾಲ್ಕನೇ ಆಟ ಮುಗಿದಾಗ ಪಕ್ಕದ ಮನೆಯವರು ಬಾಗಿಲು ತೆಗೆದು ಬೀದಿಗೆ ಓಡಿದ್ದು ಕೇಳಿಸಿತು.

ಆಮೇಲೆ ಅಕ್ಟೋಬರ್ 27. ಸೇಂಟ್ ಲೂಯಿಸ್‌ನಲ್ಲಿ ವರ್ಲ್ಡ್ ಸೀರೀಸ್ ನಾಲ್ಕನೇ ಆಟ. ಅವತ್ತು ಹುಣ್ಣಿಮೆ, ಪೂರ್ಣ ಚಂದ್ರಗ್ರಹಣ. ಅಮ್ಮ ಸಂಜೆಯೇ ಊಟ ಮುಗಿಸಿ, ಕೂಸನ್ನು ಕಿಟಕಿ ಹತ್ತಿರ ತರಬೇಡ ಅಂದಿದ್ದರು. ನಾನು ಮಾತ್ರ ಒಮ್ಮೆ ಇಣುಕಿ ನೋಡಿದೆ. ಚಂದ್ರ ತಾಮ್ರದ ತಟ್ಟೆ ಹಾಗೆ ಕೆಂಪಗಿದ್ದ. ಅದೇ ಕೆಂಪಿನಲ್ಲಿ ಕೊನೇ ಔಟ್ ಆಯಿತು. ಊರಿನ ಚರ್ಚ್ ಗಂಟೆ, ಕಾರು ಹಾರ್ನ್, ಎಲ್ಲಾ ಒಟ್ಟಿಗೆ. ಗ್ರಹಣ ಬಿಟ್ಟ ಮೇಲೆ ಅಮ್ಮ ಸ್ನಾನ ಮಾಡಿ ಬಂದು, "ಇವರಿಗೆ ಹಿಡಿದಿದ್ದೂ ಬಿಟ್ಟಿತು" ಅಂದರು.

ಅಮ್ಮ ಈಗಿಲ್ಲ. ಮಗಳು ಕಾಲೇಜು ಮುಗಿಸುತ್ತಿದ್ದಾಳೆ, ಪಕ್ಕಾ ರೆಡ್ ಸಾಕ್ಸ್ ಹುಡುಗಿ.

ಮಲೆನಾಡ_ಮಳೆ:
ಅಕ್ಕ, ನಿಮ್ಮ ಅಮ್ಮನ ಮಾತು ನಮ್ಮ ಆಫೀಸಿನವರಿಗೆ ಹೇಳ್ತೀನಿ.

ಶಾಪ_ಇಲ್ಲ:
ಎಲ್ಲಾ ಚೆನ್ನಾಗಿದೆ. ಆದರೆ ಹಿಡಿದಿತ್ತು, ಬಿಟ್ಟಿತು ಅನ್ನೋ ಮಾತು ಬಂತಲ್ಲ, ಅದಕ್ಕೆ ಸ್ವಲ್ಪ ಹೇಳಬೇಕು. ದೊಡ್ಡ ಆಟಗಾರ ಬೇಬ್ ರೂತ್‌ನನ್ನು ರೆಡ್ ಸಾಕ್ಸ್ ಮಾಲೀಕ ಹ್ಯಾರಿ ಫ್ರೇಜಿ ಯಾಂಕೀಸ್‌ಗೆ ಮಾರಿದ, 1920ರ ಜನವರಿಯಲ್ಲಿ ಸುದ್ದಿ ಹೊರಬಂತು, ಅವತ್ತಿನಿಂದ ಶಾಪ ತಟ್ಟಿತು ಅನ್ನೋದು ಕಥೆ. ಕೇಳೋಕೆ ಸೊಗಸು. ಆದರೆ ಈ ಶಾಪದ ಮಾತು ಜೋರಾಗಿ ಹರಡಿದ್ದು 1986ರ ಸೋಲಿನ ನಂತರ.

ನಿಜವಾದ ಕಾರಣ ಬೇಕಾದರೆ ಇಲ್ಲಿ ನೋಡಿ. 1945ರ ಏಪ್ರಿಲ್‌ನಲ್ಲಿ ಕಪ್ಪು ಆಟಗಾರ ಜಾಕಿ ರಾಬಿನ್ಸನ್ ಫೆನ್ವೇಗೆ ಬಂದು ಆಡಿ ತೋರಿಸಿದ್ದರು. ರೆಡ್ ಸಾಕ್ಸ್ ತಗೊಳ್ಳಲಿಲ್ಲ. ಎರಡು ವರ್ಷಕ್ಕೆ ಅವರು ಬ್ರೂಕ್ಲಿನ್ ಡಾಡ್ಜರ್ಸ್‌ಗೆ ಆಡಿ ಆಟದ ಚರಿತ್ರೆಯನ್ನೇ ಬದಲಿಸಿದರು. ರೆಡ್ ಸಾಕ್ಸ್‌ಗೆ ಮೊದಲ ಕಪ್ಪು ಆಟಗಾರ ಬಂದಿದ್ದು ಯಾವಾಗ? 1959ರಲ್ಲಿ, ಪಂಪ್ಸಿ ಗ್ರೀನ್. ಮೇಜರ್ ಲೀಗ್‌ನ ಎಲ್ಲಾ ತಂಡಗಳಿಗಿಂತ ಕೊನೆಗೆ. ಹನ್ನೆರಡು ವರ್ಷ ಬೇರೆಯವರು ಒಳ್ಳೊಳ್ಳೆ ಆಟಗಾರರನ್ನು ಕರೆದುಕೊಳ್ಳುತ್ತಿದ್ದರೆ ಇವರು ಬಾಗಿಲು ಹಾಕಿಕೊಂಡು ಕೂತಿದ್ದರು. ಇದಕ್ಕೆ ಸತ್ತವನ ಶಾಪ ಯಾಕೆ ಬೇಕು?

2004ರಲ್ಲಿ ಗೆಲ್ಲಿಸಿದವರನ್ನು ನೋಡಿ. ಆರ್ಟಿಜ್, ಪೆಡ್ರೊ ಮಾರ್ಟಿನೆಜ್, ಮ್ಯಾನಿ ರಾಮಿರೆಜ್. ಮೂವರೂ ಡೊಮಿನಿಕನ್ ರಿಪಬ್ಲಿಕ್‌ನಲ್ಲಿ ಹುಟ್ಟಿದವರು. ಆರ್ಟಿಜ್‌ನನ್ನು 2002ರ ಕೊನೆಯಲ್ಲಿ ಮಿನೆಸೋಟ ತಂಡ ಬೇಡ ಅಂತ ಕೈಬಿಟ್ಟಿತ್ತು. ಯಾಂಕೀಸ್ ಸರಣಿಯಲ್ಲಿ ಶ್ರೇಷ್ಠ ಆಟಗಾರ ಅವನು, ವರ್ಲ್ಡ್ ಸೀರೀಸ್‌ನಲ್ಲಿ ಮ್ಯಾನಿ. ಬಾಗಿಲು ತೆಗೆದ ಮೇಲೆ ಮನೆ ಬೆಳಗಿತು ಅಂತ ನಾನು ಹೇಳೋದು.

ಸ್ಕೋರ್‌ಬುಕ್:
@ಶಾಪ_ಇಲ್ಲ 40, 50ರ ದಶಕಕ್ಕೆ ನಿಮ್ಮ ಮಾತು ಸರಿ. ಆದರೆ ಇಡೀ 86 ವರ್ಷಕ್ಕೆ ಅದೊಂದೇ ಕಾರಣ ಅಂದರೆ ಒಪ್ಪಲ್ಲ. 1946, 1967, 1975, 1986. ನಾಲ್ಕೂ ಸಲ ವರ್ಲ್ಡ್ ಸೀರೀಸ್‌ಗೆ ಹೋಗಿ, ನಾಲ್ಕೂ ಸಲ ಏಳನೇ ಆಟದಲ್ಲೇ ಸೋತರು. 75ರಲ್ಲಿ, 86ರಲ್ಲಿ ತಂಡದಲ್ಲಿ ಕಪ್ಪು ಆಟಗಾರರೇ ದೊಡ್ಡ ಆಸ್ತಿ, ಜಿಮ್ ರೈಸ್ ಇದ್ದರು.

ಮತ್ತೆ 1986 ಅಂದಕೂಡಲೇ ಎಲ್ಲರೂ ರೆಡ್ ಸಾಕ್ಸ್ ಫೀಲ್ಡರ್ ಬಿಲ್ ಬಕ್ನರ್ ಕಾಲ ಸಂದಿಯಲ್ಲಿ ಚೆಂಡು ಹೋಗಿ ಸೋತರು ಅಂತಾರೆ. ಅದು ಅನ್ಯಾಯ. ಚೆಂಡು ಹೋಗೋ ಮೊದಲೇ ಕೆಟ್ಟ ಎಸೆತಕ್ಕೆ ಸ್ಕೋರ್ ಸಮ ಆಗಿತ್ತು. ಅದು ಆರನೇ ಆಟ, ಏಳನೆಯದು ಇನ್ನೂ ಬಾಕಿ ಇತ್ತು. ಒಬ್ಬ ಮನುಷ್ಯನ ತಲೆಗೆ ಇಡೀ ಊರಿನ ಸಂಕಟ ಕಟ್ಟಿದರು.

ಶಾಪ_ಇಲ್ಲ:
ಬಕ್ನರ್ ವಿಷಯ ನೂರಕ್ಕೆ ನೂರು ಸರಿ. ರೈಸ್ ವಿಷಯವೂ ಒಪ್ಪಿದೆ. ಆದರೆ ಮೊದಲ ನಲವತ್ತು ವರ್ಷದ ಲೆಕ್ಕ ನನ್ನದೇ.

ಹಳೇ_ಕಬ್ಬನ್_ಪಾರ್ಕ್:
ನಾನು ಬೇಸ್‌ಬಾಲ್ ನೋಡಿದವನಲ್ಲ. ಮೊಮ್ಮಗ ಈ ಚರ್ಚೆ ಓದಿ ಹೇಳಿದ. ಅರ್ಧ ಕೇಳೋಷ್ಟರಲ್ಲಿ ನನಗೆ 1974 ನೆನಪಾಯ್ತು.

ಬಾಂಬೆ ಸತತ 15 ವರ್ಷ ರಣಜಿ ಗೆದ್ದಿತ್ತು. ಹದಿನೈದು! ಆ ವರ್ಷ ಸೆಮಿಫೈನಲ್ ನಮ್ಮ ಬೆಂಗಳೂರಲ್ಲೇ. ಪ್ರಸನ್ನ ನಾಯಕರು. ವಿಶಿ 162, ಬ್ರಿಜೇಶ್ ಪಟೇಲ್ ನೂರು. ಆಮೇಲೆ ಪ್ರಸನ್ನ ಗವಾಸ್ಕರ್‌ಗೆ ಬೌಲ್ಡ್ ಮಾಡಿದ ಚೆಂಡು. ಸ್ಟ್ಯಾಂಡಿನಲ್ಲಿ ಪಕ್ಕದವನು ಯಾರೋ ಗೊತ್ತಿಲ್ಲ, ಇಬ್ಬರೂ ತಬ್ಬಿಕೊಂಡೆವು. ಮೊದಲ ಇನ್ನಿಂಗ್ಸ್ ಲೀಡ್ ಸಿಕ್ಕಿತು, ಬಾಂಬೆ ಹೊರಗೆ. ಫೈನಲ್ ಜೈಪುರದಲ್ಲಿ ರಾಜಸ್ಥಾನದ ಮೇಲೆ ಗೆದ್ದೆವು, ಮೊದಲ ರಣಜಿ ಬಂತು. ಆದರೆ ಇವತ್ತಿಗೂ ಯಾರನ್ನಾದರೂ ಕೇಳಿ, ಜೈಪುರದ ಮಾತು ಆಡಲ್ಲ. ಆ ಗವಾಸ್ಕರ್ ವಿಕೆಟ್ ಮಾತೇ ಆಡೋದು.

ನಿಮ್ಮ ಆಫೀಸಿನವರು ಓಟ ತೋರಿಸಿದ್ದು ಇದಕ್ಕೇ ಅನ್ನಿಸುತ್ತೆ ಮಗು.

ಸ್ಕೋರ್‌ಬುಕ್:
ಸರ್, ಇದಕ್ಕಿಂತ ಚೆನ್ನಾಗಿ ನಾನು ಹೇಳೋಕೆ ಆಗಲ್ಲ. ಇಲ್ಲೂ ಹಾಗೇ. ಏಳನೇ ಆಟ ನ್ಯೂಯಾರ್ಕ್‌ನಲ್ಲೇ 10-3. ಜಾನಿ ಡೇಮನ್ ಎರಡು ಹೋಮ್ ರನ್, ಅದರಲ್ಲಿ ಒಂದು ಮೂರೂ ಬೇಸಿನಲ್ಲಿ ನಮ್ಮ ಓಟಗಾರರು ಇದ್ದಾಗ. ಅದಾದ ಮೇಲೆ ವರ್ಲ್ಡ್ ಸೀರೀಸ್‌ನಲ್ಲಿ ಕಾರ್ಡಿನಲ್ಸ್ ಮೇಲೆ 4-0. ಕಾರ್ಡಿನಲ್ಸ್ ಆ ವರ್ಷ 105 ಆಟ ಗೆದ್ದ ತಂಡ, ರೆಡ್ ಸಾಕ್ಸ್ ಗೆದ್ದಿದ್ದು 98. ಆದರೂ ನಾಲ್ಕೂ ಆಟದಲ್ಲಿ ಒಂದು ಗಳಿಗೆಯೂ ರೆಡ್ ಸಾಕ್ಸ್ ಹಿಂದೆ ಬೀಳಲಿಲ್ಲ.

ಬೆಣ್ಣೆದೋಸೆ_ದಾವಣಗೆರೆ:
ಹಾಗಾದರೆ ಆರ್‌ಸಿಬಿ 18 ವರ್ಷ ಎಲ್ಲಿ, ಇವರ 86 ಎಲ್ಲಿ! ನಾವು ಮೂರು ಫೈನಲ್ ಸೋತಿದ್ದಕ್ಕೇ ಅಷ್ಟು ಅತ್ತೆವು. 2025ರ ಜೂನ್ 3ಕ್ಕೆ ಪಂಜಾಬ್ ಮೇಲೆ 6 ರನ್ನಿಂದ ಗೆದ್ದಾಗ ನಮ್ಮ ಬೀದಿ ಬೆಳಗಿನವರೆಗೂ ಮಲಗಲಿಲ್ಲ.

ಶಾಪ_ಇಲ್ಲ:
ಮಾರನೇ ದಿನದ ಮಾತೂ ಹೇಳಬೇಕು. ಜೂನ್ 4ಕ್ಕೆ ಚಿನ್ನಸ್ವಾಮಿ ಗೇಟುಗಳ ಹತ್ತಿರ ನೂಕುನುಗ್ಗಲಿನಲ್ಲಿ 11 ಜನ ಹೋದರು.

ಬಾಸ್ಟನ್‌ನಲ್ಲೂ ಆಗಿತ್ತು. ಯಾಂಕೀಸ್ ಮೇಲೆ ಗೆದ್ದ ರಾತ್ರಿ ಫೆನ್ವೇ ಸುತ್ತ ಜನ ಕಿಕ್ಕಿರಿದಿದ್ದರು. ಗುಂಪು ಚದುರಿಸೋಕೆ ಪೊಲೀಸರು ಹಾರಿಸಿದ ಖಾರದಪುಡಿ ಗುಂಡು ಕಣ್ಣಿಗೆ ಬಡಿದು 21 ವರ್ಷದ ಕಾಲೇಜು ಹುಡುಗಿ ಒಬ್ಬಳು ತೀರಿಕೊಂಡಳು. ಅವಳು ಗಲಾಟೆ ಮಾಡಿದವಳೂ ಅಲ್ಲ. 2004ರ ಕಥೆ ಹೇಳೋರು ಅವಳನ್ನು ಬಿಟ್ಟು ಹೇಳಬಾರದು.

ಬೆಣ್ಣೆದೋಸೆ_ದಾವಣಗೆರೆ:
ಗೊತ್ತಿರಲಿಲ್ಲ. ಜೂನ್ 4 ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತೆ.

ನ್ಯೂಜೆರ್ಸಿ_ನಾಗ:
ಆ ಹುಡುಗಿ ಸುದ್ದಿ ಬಂದ ದಿನ ಇಲ್ಲಿ ನ್ಯೂಜೆರ್ಸಿಯಲ್ಲೂ ಯಾರೂ ಆಟದ ಮಾತು ಆಡಲಿಲ್ಲ.

ಹುಬ್ಳಿ_ಹುಡುಗ:
ಯಾರೂ ಡೆರೆಕ್ ಲೋ ಹೆಸರು ಎತ್ತಲಿಲ್ಲ ನೋಡಿ. ಆ ಅಕ್ಟೋಬರ್‌ನಲ್ಲಿ, ಯಾಂಕೀಸ್‌ಗಿಂತ ಮುಂಚಿನ ಸುತ್ತೂ ಸೇರಿ, ಮೂರೂ ಸರಣಿ ಮುಗಿಸಿದ ಆಟಗಳಲ್ಲಿ ಗೆದ್ದ ಪಿಚರ್ ಅವನೇ. ಯಾಂಕೀಸ್ ಏಳನೇ ಆಟದಲ್ಲಿ ಬರೀ ಎರಡು ದಿನ ವಿಶ್ರಾಂತಿ ತಗೊಂಡು ಆರು ಇನ್ನಿಂಗ್ಸ್‌ನಲ್ಲಿ ಒಂದೇ ಹಿಟ್ ಕೊಟ್ಟ. ಆರನೇ ಆಟದಲ್ಲಿ ಶಿಲ್ಲಿಂಗ್‌ನ ರಕ್ತ ಸೋರಿದ ಕಾಲುಚೀಲ ಎಲ್ಲರಿಗೂ ಗೊತ್ತು, ಲೋ ಮಾತ್ರ ಮರೆತುಹೋದ.

ಕಿರ್ಮಾನಿ_ಕೈಗವಸು:
ಲೋ ವಿಷಯ ಸರಿ. ಆದರೆ ಶಿಲ್ಲಿಂಗ್‌ದೂ ಸಣ್ಣ ಮಾತಲ್ಲ. ಪಾದದ ಗಂಟಿನ ಹತ್ತಿರ ಸ್ನಾಯುರಜ್ಜು ಜಾಗದಲ್ಲಿ ನಿಲ್ಲುತ್ತಿರಲಿಲ್ಲ. ಡಾಕ್ಟರು ಚರ್ಮವನ್ನೇ ಒಳಗಿನ ಮಾಂಸಕ್ಕೆ ಸೇರಿಸಿ ಹೊಲಿಗೆ ಹಾಕಿ ತಾತ್ಕಾಲಿಕವಾಗಿ ಗೋಡೆ ಕಟ್ಟಿದರು. ಆ ಕಾಲಿನಲ್ಲಿ ಏಳು ಇನ್ನಿಂಗ್ಸ್, ಒಂದೇ ರನ್.

ನ್ಯೂಜೆರ್ಸಿ_ನಾಗ:
ಅದಕ್ಕೇ ಹೇಳಿದ್ದು, ತಟ್ಟಿ ಓಡಿಸಬೇಕಿತ್ತು.

ಮಲೆನಾಡ_ಮಳೆ:
ಇವತ್ತು ಅವರ ಜೊತೆ ಕಾಫಿ ಕುಡಿಯುತ್ತಾ ಎಲ್ಲಾ ಹೇಳಿದೆ. ರಿವೆರಾ ಮೂರು ಸಲ ಎಸೆದದ್ದು, ವೇಕ್‌ಫೀಲ್ಡ್, ಅಕ್ಕನ ಅಮ್ಮನ ಮಾತು, ಪ್ರಸನ್ನ ವಿಕೆಟ್ ಕೂಡ. ಅವರು ಕುರ್ಚಿ ಹತ್ತಿರ ಎಳೆದುಕೊಂಡು ಕೂತರು.

ಅವರ ತಂದೆ ಹುಟ್ಟಿದ್ದು 1919. ರೆಡ್ ಸಾಕ್ಸ್ ಗೆದ್ದ ಮುಂದಿನ ವರ್ಷ. ತೀರಿಕೊಂಡಿದ್ದು 2003ರ ಡಿಸೆಂಬರ್, ಬೂನ್ ಹೊಡೆದ ಎರಡೇ ತಿಂಗಳಿಗೆ. 84 ವರ್ಷ ಪ್ರತಿ ಏಪ್ರಿಲ್‌ಗೆ "ಈ ವರ್ಷ ಗ್ಯಾರಂಟಿ" ಅನ್ನುತ್ತಿದ್ದರಂತೆ. ನಾಲ್ಕನೇ ಆಟದ ಒಂಬತ್ತನೇ ಇನ್ನಿಂಗ್ಸ್‌ನಲ್ಲಿ ಇವರು ಟಿವಿ ಆರಿಸೋಕೆ ಎದ್ದಿದ್ದರು. ರಿಮೋಟ್ ಕೈಯಲ್ಲಿ. ರಾಬರ್ಟ್ಸ್ ಓಡಿದ. ಮತ್ತೆ ಕೂತರು. ಗೆದ್ದ ಮಾರನೇ ಬೆಳಗ್ಗೆ ಟೋಪಿ ತಗೊಂಡು ಸಮಾಧಿಗೆ ಹೋದರೆ, ಅಲ್ಲಿ ಸಾಲು ಸಾಲು ಕಲ್ಲುಗಳ ಮೇಲೆ ಆಗಲೇ ಟೋಪಿ, ಬಾವುಟ, ಪತ್ರಿಕೆಯ ಮೊದಲ ಪುಟ.

ಏಪ್ರಿಲ್‌ಗೆ ನನ್ನನ್ನು ಫೆನ್ವೇಗೆ ಕರೆದುಕೊಂಡು ಹೋಗುತ್ತಾರಂತೆ. ತಂದೆ ಯಾವಾಗಲೂ ಕೂರುತ್ತಿದ್ದ ಕಡೆಯೇ ಟಿಕೆಟ್.

ಬಾಣಂತಿ_ನೆನಪು:
ಸ್ವೆಟರ್ ಮರೀಬೇಡಿ. ಏಪ್ರಿಲ್ ರಾತ್ರಿ ಅಲ್ಲಿ ಕೊರೆಯುತ್ತೆ.

ಸ್ಕೋರ್‌ಬುಕ್:
1912ರ ಮೈದಾನ, ಕೆಲವು ಸೀಟುಗಳಿಗೆ ಕಂಬ ಅಡ್ಡ ಬರುತ್ತೆ, ಮೊದಲೇ ನೋಡಿಕೊಳ್ಳಿ. ಎಡಕ್ಕೆ 37 ಅಡಿ ಹಸಿರು ಗೋಡೆ, ಅದರ ಸ್ಕೋರ್‌ಬೋರ್ಡ್‌ಗೆ ಈಗಲೂ ಕೈಯಲ್ಲೇ ಅಂಕಿ ಹಾಕುತ್ತಾರೆ. ಬಲಗಡೆ ಸ್ಟ್ಯಾಂಡಿನಲ್ಲಿ ಹಸಿರು ಸೀಟುಗಳ ನಡುವೆ ಒಂದೇ ಒಂದು ಕೆಂಪು ಸೀಟು ಇದೆ. ಅದು ಯಾಕೆ ಅಂತ ಅವರನ್ನೇ ಕೇಳಿ. ರೆಡ್ ಸಾಕ್ಸ್‌ನ ಹಳೇ ಬ್ಯಾಟರ್ ಟೆಡ್ ವಿಲಿಯಮ್ಸ್ ಕಥೆ ಶುರು ಮಾಡುತ್ತಾರೆ.

ನ್ಯೂಜೆರ್ಸಿ_ನಾಗ:
ಯಾಂಕೀಸ್ ಬಂದ ದಿನ ಹೋಗಿ. ನಾನೂ ಬರ್ತೀನಿ.